ತೊಟ್ಟಿಲ ಪಕ್ಕದ ಕರು

ನಾನು ಹಂಚಿದ ಡಬ್ಬಿಗಳಲ್ಲಿ ಮೊದಲು ವಾಪಸ್ಸು ಬಂದದ್ದರಲ್ಲಿ ಮಾವಿನಕಾಯಿ ಉಪ್ಪಿನಕಾಯಿ ಇತ್ತು. ಎರಡನೆಯದರಲ್ಲಿ ಹುರಿಗಡಲೆ ಚಟ್ನಿಪುಡಿ. ಮೂರನೆಯದನ್ನು ಬೂದಿ ಹಾಕಿ ಉಜ್ಜಿ ತೊಳೆದು, ಒಳಗೊಂದು ಬೆಲ್ಲದ ತುಂಡು ಇಟ್ಟು ಕಳಿಸಿದ್ದರು. ನಾನು ಕೇಳಿದ್ದು ಎಳೆ ಮಕ್ಕಳ ಮಲ.

ತಪ್ಪು ಅವರದಲ್ಲ. ಹಳೇಬೀಡಿನ ಸುತ್ತಿನ ಊರುಗಳಲ್ಲಿ ಇನ್ನೊಬ್ಬರ ಮನೆಯ ಪಾತ್ರೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ನಾನು ಡಬ್ಬಿ ಕೊಟ್ಟು ವಿವರವಾಗಿ ಹೇಳಿಬಂದದ್ದು ಆಯಾ ಮನೆಯ ಸೊಸೆಗೆ. ಡಬ್ಬಿ ಹೋಗಿ ಸೇರಿದ್ದು ಅತ್ತೆಯ ಕೈಗೆ. ಅತ್ತೆಗೆ ಕಂಡದ್ದು ಬೆಂಗಳೂರಿನ ಹೆಂಗಸೊಬ್ಬಳು ಬಿಟ್ಟುಹೋದ ಬೆಳ್ಳಗಿನ ಹೊಸ ಡಬ್ಬಿ. ಅದರಲ್ಲಿ ಮಗುವಿನ ಹೇಲು ತುಂಬಿ ಕೊಡುವುದೆಂದರೆ ಮರ್ಯಾದಸ್ಥರ ಮನೆಯವರು ಮಾಡುವ ಕೆಲಸವೇ? ಸೊಸೆ ಹೇಳಿದರೂ ಅತ್ತೆ ನಂಬಿರಲಿಕ್ಕಿಲ್ಲ.

"ಉಪ್ಪಿನಕಾಯಿ ಚೆನ್ನಾಗೈತೆ ಮೇಡಂ," ಎಂದರು ನನ್ನ ಜೊತೆ ಮನೆಮನೆ ತಿರುಗುತ್ತಿದ್ದ ನರ್ಸಮ್ಮ. ಆ ಊರುಗಳ ಬಾಣಂತಿಯರನ್ನೂ ಮಕ್ಕಳನ್ನೂ ನೋಡಿಕೊಳ್ಳುವ ಆರೋಗ್ಯ ಸಹಾಯಕಿ ಅವರು. "ನಿಮ್ ಕೆಲ್ಸ ಆಗ್ದೇ ಇದ್ರೂ ಊಟಕ್ಕೇನೂ ಮೋಸ ಇಲ್ಲ ಬಿಡಿ."

ನನ್ನ ಕೆಲಸ ಇಷ್ಟು. ಎಳೆ ಮಕ್ಕಳಿಗೆ ನೀರಿನಂಥ ಭೇದಿ ತರುವ ರೋಟಾ ಎಂಬ ವೈರಸ್ಸು ಕರುಗಳಿಗೂ ಭೇದಿ ತರುತ್ತದೆ. ಸಾಮಾನ್ಯವಾಗಿ ಮಕ್ಕಳ ವೈರಸ್ಸಿನ ಕುಲ ಬೇರೆ, ಕರುಗಳದ್ದು ಬೇರೆ. ಎರಡೂ ಒಂದೇ ಸೂರಿನಡಿ ಇರುವ ಮನೆಗಳಲ್ಲಿ ಅದು ಅಲ್ಲಿಂದಿಲ್ಲಿಗೆ ದಾಟುತ್ತದೆಯೇ ಎಂದು ನೋಡಬೇಕಿತ್ತು. ತೊಂಬತ್ತರ ದಶಕದ ಕೊನೆಯ ಆ ವರ್ಷಗಳಲ್ಲಿ ಮಾದಿಹಳ್ಳಿ ಕಡೆ ಡೇರಿಗೆ ಹಾಲು ಹಾಕದ ಮನೆ ಕಡಿಮೆ. ಹಸು ಮನೆಯೊಳಗೇ ಇರುವ ಮನೆಗಳೂ ಬೇಕಾದಷ್ಟಿದ್ದವು. ಹಾಗಾಗಿ ನಮ್ಮ ಲ್ಯಾಬಿನವರು ನನ್ನನ್ನು ಅಲ್ಲಿಗೆ ಕಳಿಸಿದ್ದರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ನನ್ನ ಕೈಗೆ ಅಂಟುತ್ತಿದ್ದದ್ದು ಕೆಸರಾಗಿರಲಿಲ್ಲ, ಆದರೂ ನನಗೆ ಆ ಕೆಲಸ ಇಷ್ಟವಾಗಿತ್ತು. ಊರಿನವರು ನನಗೆ "ಸಗಣಿ ಮೇಡಮ್ಮು" ಎಂದು ಹೆಸರಿಟ್ಟದ್ದೂ ಒಂದು ಬಗೆಯಲ್ಲಿ ಇಷ್ಟವೇ ಆಗಿತ್ತು.

ಡಬ್ಬಿ ಹಂಚುವುದನ್ನು ನಿಲ್ಲಿಸಿದೆವು. ಬೆಳಗಿನ ಹೊತ್ತೇ ಹೋಗಿ, ಮಗುವಿನ ಕೆಳಗೆ ಹಾಸಿದ ಬಟ್ಟೆಯಿಂದ ಮರದ ಕಡ್ಡಿಯಲ್ಲಿ ನಾವೇ ಕೆರೆದು ತೆಗೆದುಕೊಳ್ಳತೊಡಗಿದೆವು. ಕರುವಿನದಕ್ಕೆ ಪಶುವೈದ್ಯರು ಜೊತೆಗೆ ಬರುತ್ತಿದ್ದರು. ಅವರು ಕರುವಿನ ಕೊರಳು ತಬ್ಬಿ ಹಿಡಿದರೆ, ಕೈಗವಸು ಹಾಕಿದ ಬೆರಳನ್ನು ಬಾಲದ ಕೆಳಗೆ ತೂರಿಸುವುದು ನನ್ನ ಪಾಲಿನ ಕೆಲಸ. ಕರು ಒದೆಯುತ್ತಿದ್ದದ್ದು ಯಾವಾಗಲೂ ನನ್ನನ್ನೇ. ಡಬ್ಬಿಯ ಮೇಲೆ ಮನೆಯ ಗುರುತು ಬರೆದು, ಪಕ್ಕದಲ್ಲಿ ಮಗುವಿಗೆ 'ಮ', ಕರುವಿಗೆ 'ಕ' ಎಂದು ಹಾಕುತ್ತಿದ್ದೆ. ಎಲ್ಲವನ್ನೂ ಥರ್ಮೋಕೋಲಿನ ಪೆಟ್ಟಿಗೆಯಲ್ಲಿ ಮಂಜುಗಡ್ಡೆಯ ನಡುವೆ ಹುದುಗಿಸಿ, ಜಾವಗಲ್ ಮೇಲೆ ಅರಸೀಕೆರೆಗೆ ಬಸ್ಸು, ಅಲ್ಲಿಂದ ಬೆಂಗಳೂರಿಗೆ ರೈಲು. ಮಂಜುಗಡ್ಡೆ ಕರಗುವ ಮುಂಚೆ ಲ್ಯಾಬು ಸೇರಬೇಕು. ಒಂದು ಸಲ ಬಸ್ಸು ಜಾವಗಲ್ಲಿನ ಆಚೆ ಕೆಟ್ಟುನಿಂತು ಇಡೀ ಪೆಟ್ಟಿಗೆ ಬೆಚ್ಚಗಾಗಿ ಹಾಳಾಯಿತು. ಇನ್ನೊಂದು ಸಲ ರೈಲಿನಲ್ಲಿ ಎದುರು ಕೂತಿದ್ದ ಯಜಮಾನರು ಪೆಟ್ಟಿಗೆಯನ್ನೇ ದಿಟ್ಟಿಸಿ, "ಬೇಲೂರು ಕಡೆ ಖೋವಾನಾ? ಮಾರ್ತೀರಾ?" ಎಂದು ಕೇಳಿದ್ದರು.

ಹಳೆಯ ಡಬ್ಬಿಗಳು ಮಾತ್ರ ಒಂದೊಂದಾಗಿ ಬರುತ್ತಲೇ ಇದ್ದವು. ಹಾಗೆ ಬಂದ ಒಂದರಲ್ಲಿ ಗಿಣ್ಣು ಇತ್ತು. ಹಸು ಈದ ಮೊದಲ ದಿನಗಳ ದಪ್ಪ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿ ಬೇಯಿಸಿದ್ದು, ಹಳದಿಯಾಗಿ, ಚಾಕುವಿನಲ್ಲಿ ಕತ್ತರಿಸಿದಂತೆ ಅಚ್ಚುಕಟ್ಟಾಗಿ. ಡಬ್ಬಿ ನನ್ನದೇ, ಶುದ್ಧ ಮಾಡಿಸಿ ತಂದದ್ದು. ನಾನೂ ನರ್ಸಮ್ಮನೂ ಅಲ್ಲೇ ನಿಂತು ತಿಂದು ಮುಗಿಸಿದೆವು. ಮುಗಿದ ಮೇಲೆ ನನಗೆ ಹೊಳೆಯಿತು: ಗಿಣ್ಣು ಬಂದ ಮನೆಯಲ್ಲಿ ಎಳೆಗರು ಇರಲೇಬೇಕು.

"ಎಳೇ ಮಗೂನೂ ಐತೆ," ಎಂದರು ನರ್ಸಮ್ಮ ಬೆರಳು ಚೀಪುತ್ತ. "ನಾನೇ ಹೆರಿಗೆ ಮಾಡಿಸ್ದೆ."

ಆ ಮನೆಯ ಯಜಮಾನಿಕೆ ಒಬ್ಬ ಅಜ್ಜಿಯದು. ಎತ್ತರದ ಆಳು, ಎತ್ತರದ ದನಿ. ಅವರ ಮಗ ಹೊಲ ತೋಟ ನೋಡಿಕೊಳ್ಳುವ ಸಾಧು ಮನುಷ್ಯ. ಮಾತೆಲ್ಲ ತಾಯಿಯೇ ಆಡಿಬಿಡುವುದರಿಂದ ಅವನಿಗೆ ಆಡಲು ಏನೂ ಉಳಿಯುತ್ತಿರಲಿಲ್ಲ. ಸೊಸೆಗೆ ಚೊಚ್ಚಲ ಹೆರಿಗೆ, ಹೆಣ್ಣು ಮಗು. ತವರಿನಲ್ಲಿ ತಾಯಿ ಇಲ್ಲದ್ದರಿಂದ ಬಾಣಂತನವನ್ನು ಅತ್ತೆಯೇ ವಹಿಸಿಕೊಂಡಿದ್ದರು. ನಡುಮನೆಯಿಂದ ಎರಡು ಮೆಟ್ಟಿಲು ಇಳಿದರೆ ಕೊಟ್ಟಿಗೆ. ಆದರೆ ಎಳೆಗರುವನ್ನು ಕಟ್ಟಿದ್ದು ಕೊಟ್ಟಿಗೆಯಲ್ಲಲ್ಲ, ಮೇಲೆ, ನೀರೊಲೆಯ ಗೋಡೆಗೆ ಒತ್ತಿ. ಅದೇ ಗೋಡೆಯ ಬದಿಗೆ ತೊಟ್ಟಿಲೂ ತೂಗುತ್ತಿತ್ತು. ಬೆಚ್ಚಗಿನ ಮೂಲೆ ಮನೆಯಲ್ಲಿ ಇದ್ದದ್ದೇ ಒಂದು. ಅದನ್ನು ಎರಡು ಕೂಸುಗಳಿಗೂ ಹಂಚಿಕೊಟ್ಟಿದ್ದರು. ಅಜ್ಜಿ ಕರುವಿನ ಮೈ ಒರೆಸುತ್ತಿದ್ದರು, ಸೆರಗಿಗೆ ಕೈ ಒರೆಸಿಕೊಂಡು ತೊಟ್ಟಿಲು ತೂಗುತ್ತಿದ್ದರು. ನನ್ನಂಥವಳಿಗೆ ಇದಕ್ಕಿಂತ ಒಳ್ಳೆಯ ಮನೆ ಸಿಕ್ಕುವುದುಂಟೆ!

ಕರುವಿಗೆ ಭೇದಿಯಾಗುತ್ತಿತ್ತು. ಹಳದಿ ನೀರು, ಕಣ್ಣು ಗುಳಿಬಿದ್ದಿತ್ತು, ಕಿವಿ ತಣ್ಣಗಿದ್ದವು. ಪಶುವೈದ್ಯರು ಉಪ್ಪು ಸಕ್ಕರೆಯ ನೀರು ಕುಡಿಸಲು ಹೇಳಿ ಅಜ್ಜಿಯನ್ನು ಕೇಳಿದರು: "ಈದ ದಿನ ಕರೂಗೆ ಕುಡಿಯಕ್ಕೆ ಬಿಟ್ರಾ?"

"ಒಂದ್ ಗುಟುಕು ಬಿಟ್ಟೆ ಕಣಪ್ಪ. ಬೀದಿಗೆಲ್ಲ ಗಿಣ್ಣು ಹಂಚದ್ ಬ್ಯಾಡ್ವಾ? ಅಷ್ಟು ಗಟ್ಟಿ ಹಾಲು ಕರು ಕುಡುದ್ರೆ ಹೊಟ್ಟೆ ಕೆಡ್ತದೆ."

ಪಶುವೈದ್ಯರು ನನ್ನ ಮುಖ ನೋಡಿದರು. ಕರುವಿಗೆ ರೋಗ ತಡೆಯುವ ಶಕ್ತಿ ಇರುವುದು ಆ ಮೊದಲ ಹಾಲಿನಲ್ಲೇ. ಅದನ್ನು ನಾನೂ ನರ್ಸಮ್ಮನೂ ಚಪ್ಪರಿಸಿ ತಿಂದಿದ್ದೆವು.

ಮಗುವಿಗೆ ಏನೂ ಆಗಿರಲಿಲ್ಲ. ಗುಂಡುಗುಂಡಗಿದ್ದು, ನೆಮ್ಮದಿಯಾಗಿ ನಿದ್ದೆ ಮಾಡುತ್ತಿತ್ತು. ಆದರೂ ಜೋಡಿ ಬೇಕಲ್ಲ ಎಂದು ಅದರ ಬಟ್ಟೆಯಿಂದಲೂ ತೆಗೆದುಕೊಂಡೆ. ನಾನು ಡಬ್ಬಿ ಮುಚ್ಚುವಾಗ ಬಾಣಂತಿ ಮಲಗಿದ್ದಲ್ಲಿಂದಲೇ ಮೆಲ್ಲಗೆ ಕೇಳಿದಳು: "ಕರು ಉಳೀತದಾ ಅಕ್ಕ? ಅದರ ತಾಯಿ ನನ್ ಹಸು. ನಮ್ಮಪ್ಪ ಮದುವೇಲಿ ಕೊಟ್ಟಿದ್ದು. ಡೇರೀಲಿ ನನ್ನ ಹೆಸ್ರಿಗೇ ಬರ್ಕೊಂಡವ್ರೆ. ಈ ಮನೇಲಿ ನನ್ ಹೆಸ್ರಲ್ಲಿರೋದು ಅದೊಂದೇ."

ಉಳಿಯುತ್ತದೆ ಎಂದೆ. ಉಳಿಯಿತು ಕೂಡ.

ಬೆಂಗಳೂರಿನಲ್ಲಿ ಪರೀಕ್ಷೆ ಮಾಡಿದೆ. ಈ ವೈರಸ್ಸಿನ ಒಡಲಲ್ಲಿ ಅದರ ವಂಶವಾಹಿಯ ಹನ್ನೊಂದು ತುಂಡುಗಳಿರುತ್ತವೆ. ಅವನ್ನು ಬೇರ್ಪಡಿಸಿ ತೆಳ್ಳನೆಯ ಜೆಲ್ಲಿನ ಹಾಳೆಯ ಮೇಲ್ತುದಿಗೆ ತುಂಬಿ ವಿದ್ಯುತ್ ಹರಿಸಿದರೆ ದೊಡ್ಡ ತುಂಡುಗಳು ನಿಧಾನವಾಗಿ, ಸಣ್ಣವು ಬೇಗ ಕೆಳಗಿಳಿಯುತ್ತವೆ. ಆಮೇಲೆ ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿದರೆ ಕಂದು ಗೆರೆಗಳು ಏಳುತ್ತವೆ: ಮೇಲೆ ನಾಲ್ಕು, ನಡುವೆ ಒಂದು ಜೋಡಿ, ಒತ್ತೊತ್ತಾಗಿ ಮೂರು, ತಳದಲ್ಲಿ ಎರಡು. ಕುಲ ಬೇರೆಯಾದರೆ ಗೆರೆಗಳು ತುಸು ಮೇಲೆ ಕೆಳಗೆ ಸರಿದಿರುತ್ತವೆ. ಅಜ್ಜಿಯ ಮನೆಯ 'ಕ' ಸಾಲಿನಲ್ಲಿ ಹನ್ನೊಂದೂ ಎದ್ದವು. ಪಕ್ಕದ 'ಮ' ಸಾಲಿನಲ್ಲೂ ಎದ್ದವು. ಸ್ಕೇಲು ಇಟ್ಟು ನೋಡಿದೆ. ಒಂದಕ್ಕೊಂದು ಎದುರುಬದುರು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಕರುವಿನ ವೈರಸ್ಸೇ ಮಗುವಿನ ಹೊಟ್ಟೆಯಲ್ಲಿತ್ತು, ಆದರೂ ಮಗು ಆರೋಗ್ಯವಾಗಿತ್ತು.

ನಾನು ಲ್ಯಾಬಿನಲ್ಲಿ ಒಂದು ಸುತ್ತು ಕುಣಿದೆ ಎಂದು ಹೇಳಲು ನನಗೇನೂ ನಾಚಿಕೆಯಿಲ್ಲ. ನಮ್ಮ ಮೇಲಧಿಕಾರಿಗಳು ಕುಣಿಯಲಿಲ್ಲ. ಕನ್ನಡಕ ಏರಿಸಿ ನೋಡಿ, "ಕರುವಿನದೇ ಎರಡೂ ಡಬ್ಬಿಗೆ ಬಿದ್ದಿಲ್ಲ ಅಂತ ಏನು ಗ್ಯಾರಂಟಿ? ಮತ್ತೆ ತನ್ನಿ. ಅಲ್ಲಿಯವರೆಗೆ ಯಾರಿಗೂ ಏನೂ ಹೇಳಬೇಡಿ," ಎಂದರು. ಸರಿಯಾದ ಮಾತೇ.

ಆದರೆ ಯಾರ ಕೈಯಲ್ಲಿ ಕರುವಿನ ಕೊರಳು ಹಿಡಿಸಿಕೊಂಡು ಮಾದರಿ ತೆಗೆದಿದ್ದೆನೋ ಆ ಪಶುವೈದ್ಯರಿಗೆ ಹೇಳದಿರುವುದು ಹೇಗೆ? ಹೇಳಿದೆ. ಅವರು ಮರುದಿನ ಬೆಳಿಗ್ಗೆ ಡೇರಿಯಲ್ಲಿ ಹಾಲು ಹಾಕಲು ನಿಂತವರ ಮುಂದೆ ಉತ್ಸಾಹದಲ್ಲಿ ಭಾಷಣ ಮಾಡಿದರು: ಕರೂ ಮಗೂ ಹಂಚಿಕೊಳ್ಳುವ ಕಾಯಿಲೆಯ ಹುಳ ನಮ್ಮೂರಲ್ಲೇ ಸಿಕ್ಕಿದೆ, ಬೆಂಗಳೂರಿನಲ್ಲಿ ಪತ್ತೆಯಾಗಿದೆ! ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಹಾಲಿನ ಕ್ಯಾನುಗಳು ಮನೆಗೆ ವಾಪಸ್ಸಾಗುವಷ್ಟರಲ್ಲಿ ಸುದ್ದಿ ಬೀದಿ ಬೀದಿಗೆ ಮುಟ್ಟಿತ್ತು. ಯಾರ ಮನೆ ಎಂದು ಅವರು ಹೇಳಿರಲಿಲ್ಲ. ಆದರೆ ನಾನು ಯಾರ ಮನೆಗೆ ಎರಡನೇ ಸಲ ಹೋಗುತ್ತೇನೆ ಎಂದು ಊರೇ ಕಾದು ನೋಡುತ್ತಿತ್ತು.

ನಾನು ಹೋದಾಗ ಹಸುವನ್ನೂ ಕರುವನ್ನೂ ಒಳಗಿನಿಂದ ತಂದು ಅಂಗಳದ ಹುಣಸೆಮರಕ್ಕೆ ಕಟ್ಟಿದ್ದರು. ಕರು ಚೇತರಿಸಿಕೊಂಡು ಜಿಗಿದಾಡುತ್ತಿತ್ತು. ಅಜ್ಜಿ ಬಾಗಿಲಲ್ಲೇ ನಿಂತಿದ್ದರು.

"ಬನ್ನಿ ಮೇಡಮ್ಮಾರೆ, ತಕ್ಕಂಡೋಗಿ ಏನ್ ಬೇಕೋ. ನಾಳೀಕೆ ಜಾವಗಲ್ ಸಂತೆಗೆ ಹೊಡೀತೀವಿ ಇವನ್ನ."

ಒಳಗೆ ಬಾಣಂತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಒಮ್ಮೆ ಈಚೆ ಹೊರಳಿದಾಗ ಕಂಡೆ, ಅತ್ತು ಅತ್ತು ಕಣ್ಣು ಊದಿದ್ದವು. ನಾನು ಅಜ್ಜಿಗೆ ತಿಳಿಹೇಳಲು ಕೂತೆ. ಅವರು ಕೆಟ್ಟವರಲ್ಲ, ಹೆದರಿದ್ದರು. ಹಿಂದಿನ ವರ್ಷ ಮಗಳ ಮಗು ಇದೇ ಮನೆಗೆ ಬಂದಿದ್ದಾಗ ಭೇದಿ ಹತ್ತಿ, ಕಣ್ಣು ಮೇಲೆ ಮಾಡಿ, ಹಾಸನದ ಆಸ್ಪತ್ರೆಯಲ್ಲಿ ಸಲೈನು ಹಾಕಿಸಿಕೊಂಡು ಬದುಕಿ ಬಂದಿತ್ತಂತೆ. "ಆ ಮಗೂನ ಮಡ್ಲಲ್ಲಿ ಹಾಕ್ಕಂಡು ಬಸ್ಸಲ್ಲಿ ಕೂತಿದ್ದು ನಾನು. ನಿಮಗೇನ್ ಗೊತ್ತು?" ಎಂದರು.

ನನ್ನ ಜೊತೆಗಿದ್ದ ನರ್ಸಮ್ಮನ ಮೇಲೂ ಅವರಿಗೆ ಸಿಟ್ಟಿತ್ತು. "ಇವ್ಳು ಬೇರೆ! ಮೊದಲ್ನೇ ಹಾಲು ಹಿಂಡಿ ಚೆಲ್ಲು, ಮಗೀಗೆ ಸಕ್ಕರೆ ನೀರು ಹಾಕ್ತೀನಿ ಅಂದ್ರೆ ಕೇಳ್ಲಿಲ್ಲ. ನಿಂತ್ಕಂಡು ಜಬರ್ದಸ್ತಿ ಮಾಡಿ ಆ ಹಳದಿ ಹಾಲ್ನೇ ಕುಡಿಸಿದ್ಲು. ಹುಳ ಅದ್ರಲ್ಲೇ ಬಂತೋ ಏನೋ!"

ನನಗೂ ನರ್ಸಮ್ಮನಿಗೂ ಅದು ಒಟ್ಟಿಗೇ ಕಂಡಿತು. ಒಂದೇ ಮೂಲೆ, ಒಂದೇ ವೈರಸ್ಸು, ಎರಡು ಕೂಸು. ಒಂದಕ್ಕೆ ತಾಯಿಯ ಮೊದಲ ಹಾಲು ಸಿಕ್ಕಿತ್ತು, ಅದು ಗುಂಡುಗುಂಡಗಿತ್ತು. ಇನ್ನೊಂದರ ಪಾಲಿನದು ಗಿಣ್ಣಾಗಿ ಬೀದಿಗೆ ಹೋಗಿತ್ತು, ಅದು ಸಾಯುವಂತಾಗಿತ್ತು. ಕಾರಣ ಇದೇ ಎಂದು ಸಾಧಿಸಲು ಒಂದು ಮನೆ ಸಾಲದು. ಬೇರೆ ಕಾರಣಗಳೂ ಇರಬಹುದು. ಕರುವಿನ ವೈರಸ್ಸು ಮನುಷ್ಯರ ಹೊಟ್ಟೆಯಲ್ಲಿ ಮೆತ್ತಗಾಗುತ್ತದೋ ಏನೋ. ಆದರೂ ಅಜ್ಜಿಗೆ ಅದನ್ನೇ, ಅಷ್ಟೇ ಅನುಮಾನ ಸೇರಿಸಿ, ಬಿಡಿಸಿ ಹೇಳಿದೆ. ಮುಂದಿನ ಸಲ ಮೊದಲ ದಿನದ ಹಾಲು ಕರುವಿಗೆ ಬಿಡಿ, ಮಾರನೆಯ ದಿನದ್ದರಲ್ಲಿ ಗಿಣ್ಣು ಮಾಡಿ. ಕರುವನ್ನು ತೊಟ್ಟಿಲಿನಿಂದ ದೂರ ಕಟ್ಟಿ. ಕರು ಮುಟ್ಟಿದ ಕೈಯನ್ನು ಸೆರಗಿಗಲ್ಲ, ಸೋಪಿಗೆ ತೋರಿಸಿ. ಹಸುವನ್ನು ಮಾರುವುದು ಬೇಡ.

"ಹಸ ಮನೇಲಿದ್ರೆ ಮಗೀಗೆ ಏನೂ ಆಗಲ್ಲ ಅಂತ ಗ್ಯಾರಂಟಿ ಕೊಡ್ತೀರಾ?"

ಬೆಂಗಳೂರಿನಲ್ಲಿ ಮೇಲಧಿಕಾರಿಗಳು, ಇಲ್ಲಿ ಅಜ್ಜಿ. ಆ ವಾರ ನನ್ನನ್ನು ಎಲ್ಲರೂ ಗ್ಯಾರಂಟಿಯನ್ನೇ ಕೇಳುತ್ತಿದ್ದರು. "ಆಗಲಿಕ್ಕಿಲ್ಲ ಅಂತ ನನಗೆ ಅನ್ನಿಸುತ್ತೆ ಅಜ್ಜಿ. ಗ್ಯಾರಂಟಿ ಕೊಡೋಕೆ ಬರಲ್ಲ," ಎಂದೆ.

"ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ಮಾತಾಡ್ತೀರಲ್ಲವ್ವಾ," ಎಂದು ಅಜ್ಜಿ ಎದ್ದುಬಿಟ್ಟರು.

ಮರುದಿನ ಬೆಳಿಗ್ಗೆ ಎರಡನೇ ಸಲದ ಮಾದರಿಗಳ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಅರಸೀಕೆರೆ ಬಸ್ಸಿನಲ್ಲಿ ಕೂತಿದ್ದೆ. ಈ ಪೆಟ್ಟಿಗೆ ಸರಿಯಾಗಿ ತಲುಪಿದರೆ ಮಾತ್ರ ಮೇಲಧಿಕಾರಿಗಳಿಗೆ ಉತ್ತರ ಸಿಕ್ಕುತ್ತಿತ್ತು. ಜಾವಗಲ್ಲಿನಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಸಂತೆ ಕಂಡಿತು. ತೆಂಗಿನಕಾಯಿ ರಾಶಿ, ಹಗ್ಗದ ಅಂಗಡಿ, ಆಚೆ ದನಗಳು. ಕಂಡಕ್ಟರು ಸೀಟಿ ಊದಬೇಕು, ಅಷ್ಟರಲ್ಲಿ ನಾನು ಪೆಟ್ಟಿಗೆ ಸಮೇತ ಇಳಿದಿದ್ದೆ. ಯೋಚನೆ ಮಾಡಿ ಇಳಿದೆ ಎಂದರೆ ಸುಳ್ಳಾಗುತ್ತದೆ. ಆ ಹುಡುಗಿಯ ಊದಿದ ಕಣ್ಣು ಕಣ್ಣ ಮುಂದಿತ್ತು, ಕಾಲು ತಾನಾಗಿ ಇಳಿಯಿತು.

ಶರಬತ್ತಿನ ಅಂಗಡಿಯವನಿಂದ ಮಂಜುಗಡ್ಡೆ ಕೊಂಡು ಪೆಟ್ಟಿಗೆಗೆ ತುಂಬಿಕೊಂಡೆ. ಒಳಗೇನಿದೆ ಎಂದು ಅವನು ಕೇಳಿದ. ಔಷಧಿ ಎಂದೆ. ಹೇಳಿದ್ದರೆ ಆ ದಿನ ಅವನ ಶರಬತ್ತನ್ನು ಅವನೇ ಕುಡಿಯುತ್ತಿರಲಿಲ್ಲ.

ಅಜ್ಜಿ ದನದ ಸಂತೆಯ ನಡುವೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಅಲ್ಲಿದ್ದ ಹೆಂಗಸು ಅವರೊಬ್ಬರೇ. ಮಗ ಹಗ್ಗ ಹಿಡಿದಿದ್ದ. ಕೊಳ್ಳಲು ಬಂದ ರೈತ ಹಸುವಿನ ಹಲ್ಲು ನೋಡಿ, ಮೈಮೇಲಿನ ಸುಳಿ ನೋಡಿ, ಕೆಚ್ಚಲು ಸವರಿ ಮುಗಿಸಿದ್ದ. ದಲ್ಲಾಳಿ ಅಜ್ಜಿಯ ಮಗನ ಕೈ ಮೇಲೆ ಟವೆಲ್ಲು ಹೊದಿಸಿ, ಅದರ ಕೆಳಗೆ ಬೆರಳು ಒತ್ತಿ ಒತ್ತಿ ದರ ಮಾತಾಡುತ್ತಿದ್ದ. ವ್ಯಾಪಾರ ಕುದುರುವುದರಲ್ಲಿತ್ತು.

"ಅಜ್ಜಿ, ಇನ್ನೊಂದು ವಾರ ತಡೀರಿ. ಈ ಪೆಟ್ಟಿಗೇದು ಪರೀಕ್ಷೆ ಆಗಿಬಿಡಲಿ," ಎಂದೆ ಏದುಸಿರು ಬಿಡುತ್ತ.

ರೈತ ತಿರುಗಿದ. "ಏನ್ ಪರೀಕ್ಷೆ? ಯಾರಿವ್ರು?"

"ಸಗಣಿ ಮೇಡಮ್ಮು," ಎಂದ ಅಜ್ಜಿಯ ಮಗ. ಅವನ ಬಾಯಿಂದ ನಾನು ಕೇಳಿದ ಮೊದಲ ಮಾತು ಅದು.

"ಹಸೀಗೇನಾದ್ರೂ ಐತೇನ್ರೀ? ಇದ್ದಂಗೆ ಹೇಳ್ಬುಡಿ."

ಏನೂ ಇಲ್ಲ ಎಂದುಬಿಟ್ಟರೆ ಹಸು ಹೋಗುತ್ತದೆ, ಅದು ಸುಳ್ಳೂ ಆಗುತ್ತದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಕರುವಿಗೆ ಭೇದಿಯ ವೈರಸ್ಸು ಬಂದಿತ್ತು, ಈಗ ವಾಸಿಯಾಗಿದೆ. ಮನೆಯ ಮಗುವಿಗೂ ಅದೇ ಬಂದಿತ್ತು, ಮಗುವಿಗೆ ಏನೂ ಆಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದು ನನಗೆ ಪೂರ್ತಿ ಗೊತ್ತಿಲ್ಲ. ಹಸು ಚೆನ್ನಾಗಿದೆ.

ರೈತ ಮೊದಲ ಎರಡು ಮಾತನ್ನಷ್ಟೇ ಕೇಳಿಸಿಕೊಂಡ. "ನಮ್ಮನೇಲಿ ಮೂರ್ ಮಕ್ಳವ್ರೆ ಕಣಪ್ಪ," ಎಂದು ದಲ್ಲಾಳಿಗೆ ಹೇಳಿ ಸಂತೆ ಪಕ್ಕದ ಬಸವನ ಗುಡಿಯ ಕಡೆ ಹೊರಟೇಹೋದ. ದಲ್ಲಾಳಿ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ನನ್ನ ಕಡೆ ಬೀರಿದ ನೋಟಕ್ಕೆ ಪೆಟ್ಟಿಗೆಯ ಮಂಜುಗಡ್ಡೆ ಇನ್ನೂ ಬೇಗ ಕರಗಿರಬೇಕು. ಅಕ್ಕಪಕ್ಕದವರೆಲ್ಲ ಕಿವಿಗೊಟ್ಟಿದ್ದರು. ಆ ಸಂತೆಯಲ್ಲಿ ಇನ್ನು ಯಾರೂ ಆ ಹಸುವಿನ ಹತ್ತಿರ ಸುಳಿಯುವಂತಿರಲಿಲ್ಲ. ಊರಿನಲ್ಲಿ ಹಸುವಿಗೆ ಕುತ್ತು ತಂದ ಸುದ್ದಿಯೇ ಸಂತೆಯಲ್ಲಿ ಅದನ್ನು ಉಳಿಸಿತ್ತು. ನನಗೆ ನಗು ಬಂತು, ಆದರೆ ಅಜ್ಜಿಯ ಮುಖ ನೋಡಿ ನುಂಗಿಕೊಂಡೆ.

"ಮಾರಕ್ಕೂ ಬಿಡ್ಲಿಲ್ಲ, ಮಡಿಕ್ಕಳಕ್ಕೂ ಧೈರ್ಯ ಕೊಡ್ಲಿಲ್ಲ. ಏನ್ ಮಾಡ್ಲಿ ಹೇಳಿ ಈಗ?" ಎಂದರು ಅಜ್ಜಿ. ಆಮೇಲೆ ತಟ್ಟನೆ ಕೇಳಿದರು: "ನಿಮಗೆ ಮಕ್ಳವ್ರಾ?"

"ಒಬ್ಬಳು ಮಗಳು. ಎರಡು ವರ್ಷ. ಬೆಂಗಳೂರಿನಲ್ಲಿ ನಮ್ಮಮ್ಮನ ಹತ್ತಿರ ಇದ್ದಾಳೆ."

"ಕರ್ಕಂಡ್ ಬನ್ನಿ. ನಮ್ಮನೇಲಿ, ಆ ಹಸೀನ ಜೊತೆ, ಆ ಕರೀನ ಜೊತೆ ಒಂದಿನ ಇರ್ಲಿ. ಆವಾಗ ನಾನೂ ಹಸ ಮಡಿಕ್ಕತೀನಿ. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಅನ್ನಂಗೆ ಆಗ್ಬಾರ್ದು ನೋಡಿ."

ರೈಲು ಅರಸೀಕೆರೆ ಬಿಟ್ಟದ್ದು, ತಿಪಟೂರು ದಾಟಿದ್ದು ಯಾವುದೂ ಗಮನಕ್ಕೆ ಬರಲಿಲ್ಲ. ಅಜ್ಜಿ ಕೇಳಿದ್ದರಲ್ಲಿ ಅನ್ಯಾಯವಿರಲಿಲ್ಲ. ಎಷ್ಟೋ ಮನೆಗಳ ತೊಟ್ಟಿಲಿನ ಹತ್ತಿರ ನಿಂತು ಹೀಗೆ ಮಾಡಿ, ಹಾಗೆ ಮಾಡಿ ಎಂದು ಹೇಳಿದ್ದೆ. ನನ್ನ ಮಗಳು ಅಲ್ಲಿ ಆಡುವುದನ್ನು ಕಲ್ಪಿಸಿಕೊಂಡಾಗ ಮಾತ್ರ ಅವಳನ್ನು ಕರೆದೊಯ್ಯದಿರಲು ನೆಪ ಹುಡುಕತೊಡಗಿದೆ. ನಾನು ಹೇಳಿದ್ದನ್ನು ನಾನೇ ಎಷ್ಟು ನಂಬಿದ್ದೇನೆ ಎಂದು ನನಗೆ ಗೊತ್ತಾದದ್ದು ಆ ರೈಲಿನಲ್ಲಿ. ಮುಕ್ಕಾಲು ಪಾಲು ನಂಬಿದ್ದೆ. ಉಳಿದ ಕಾಲು ಪಾಲು ಹೆದರಿಕೆ.

ಶರಬತ್ತಿನ ಅಂಗಡಿಯ ಮಂಜುಗಡ್ಡೆ ಕೈಕೊಡಲಿಲ್ಲ. ಜೆಲ್ಲು ಸ್ಪಷ್ಟವಾಗಿ ಬಂತು. ಕರುವಿನ ಸಾಲು ಖಾಲಿ. ಮಗುವಿನ ಸಾಲಿನಲ್ಲಿ ಅದೇ ಹನ್ನೊಂದು ಗೆರೆ, ಅದೇ ಜಾಗದಲ್ಲಿ, ಮಸುಕಾಗಿ. ಕರುವಿನಲ್ಲೇ ಇಲ್ಲದ್ದು ಮಗುವಿನ ಡಬ್ಬಿಗೆ ಬಿದ್ದಿರಲು ಸಾಧ್ಯವಿರಲಿಲ್ಲ. ಮೇಲಧಿಕಾರಿಗಳು ಈ ಸಲ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿ, "ಹೂಂ" ಎಂದರು. ಅವರ ಮಟ್ಟಿಗೆ ಅದೇ ಕುಣಿತ.

ಮಗಳನ್ನು ಕರೆದುಕೊಂಡು ಹೋಗುತ್ತೇನೆ ಎಂದಾಗ ನನ್ನ ತಾಯಿ ಬೈದರು. "ನಿನ್ನ ಹಸು ಕರು ಪುರಾಣಕ್ಕೆ ಮಗೂನ ಯಾಕೆ ಎಳೀತೀಯ?" ಎಂದರು. ಎರಡು ಜೊತೆ ಬಟ್ಟೆ, ಕುದಿಸಿದ ನೀರು, ಒಂದು ಹೊಸ ಸೋಪು, ಉಪ್ಪು ಸಕ್ಕರೆಯ ಪೊಟ್ಟಣಗಳು, ಇಷ್ಟನ್ನು ಚೀಲಕ್ಕೆ ತುಂಬಿ ಹೊರಟೆ.

ಅಜ್ಜಿ ನಾವು ಬರುವುದಿಲ್ಲ ಎಂದೇ ಅಂದುಕೊಂಡಿದ್ದರು. ಮಗಳ ಕೈ ಹಿಡಿದು ನಾನು ಅಂಗಳ ದಾಟಿದಾಗ ಅವರು ಕೈಯಲ್ಲಿದ್ದ ಮೊರ ಕೆಳಗಿಟ್ಟು ನೋಡುತ್ತಲೇ ನಿಂತರು. ಹಸು, ಕರು ಇನ್ನೂ ಹುಣಸೆಮರದ ಕೆಳಗೇ ಇದ್ದವು. ಬಿಸಿಲಿಗೂ ಇಬ್ಬನಿಗೂ ಅಲ್ಲೇ.

"ಮೊದಲು ಸುದ್ದಿ ಕೇಳಿ ಅಜ್ಜಿ," ಎಂದೆ. "ಕರುವಿನಲ್ಲಿ ಹುಳ ಇಲ್ಲ, ಪೂರ್ತಿ ಹೋಗಿದೆ. ಇನ್ನೂ ಒಂಚೂರು ಇರೋದು ನಿಮ್ಮ ಮೊಮ್ಮಗಳಲ್ಲಿ. ಅವಳನ್ನ ಯಾವ ಸಂತೆಗೆ ಹೊಡೀತೀರಿ?"

ಅಜ್ಜಿ ಮೈಯೆಲ್ಲ ಕುಲುಕಿಸಿ ನಕ್ಕರು. ಜೊತೆಗೆ ಬಂದಿದ್ದ ನರ್ಸಮ್ಮನೂ ನಕ್ಕರು. ನಗುವುದಕ್ಕೆ ನನಗೆ ಪುರುಸೊತ್ತಾಗಲಿಲ್ಲ. ಮಗಳು ಕೈ ಬಿಡಿಸಿಕೊಂಡು ನೆಟ್ಟಗೆ ಕರುವಿನ ಹತ್ತಿರ ಓಡಿದ್ದಳು.

ಕರು ಅವಳ ಕೈಯನ್ನು ಮೊಳಕೈವರೆಗೂ ನೆಕ್ಕಿತು. ಒರಟು ನಾಲಿಗೆಗೆ ಅವಳು ಕಿಲಕಿಲ ನಕ್ಕು ಇನ್ನೊಂದು ಕೈಯನ್ನೂ ಕೊಟ್ಟಳು. ಕೊರಳು ತಬ್ಬಿದಳು. ಬಾಲ ಎಳೆದಳು. ಕರು ನನ್ನನ್ನು ಒದ್ದ ಹಾಗೆ ಅವಳನ್ನು ಒದೆಯಲಿಲ್ಲ. ನಾನು ಜಗುಲಿಯ ಮೇಲೆ ಸೀರೆಯ ಅಂಚು ಹಿಂಡುತ್ತ ಕೂತಿದ್ದೆ. ಅಜ್ಜಿ ನನ್ನ ಮಗಳನ್ನು ನೋಡುತ್ತಲೇ ಇರಲಿಲ್ಲ, ನನ್ನನ್ನೇ ನೋಡುತ್ತಿದ್ದರು. ಅವಳು ಆಟ ಸಾಕಾಗಿ ಹೆಬ್ಬೆರಳನ್ನು ಬಾಯಿ ಕಡೆ ಒಯ್ದಳು. ನಾನು ಹಾರಿ ಹೋಗಿ ಕೈ ಹಿಡಿದೆ, ತೊಟ್ಟಿಯ ಹತ್ತಿರ ಎತ್ತಿಕೊಂಡು ಹೋಗಿ ಸೋಪು ಹಾಕಿ ಬೆರಳು ಬೆರಳನ್ನೂ ತೊಳೆದೆ.

"ಹೆದ್ರಿಕೆ ಐತೆ ನಿಮಗೂ," ಎಂದರು ಅಜ್ಜಿ ಹಿಂದಿನಿಂದ.

"ಇದೆ ಅಜ್ಜಿ."

"ಹೆದ್ರಿಕೆ ಇಟ್ಕಂಡೇ ಮಗೀನ ತಂದ್ರಲ್ಲ." ಅವರ ದನಿ ಮೊದಲ ಸಲ ತಗ್ಗಿತ್ತು. ನನ್ನ ಕೈಯಿಂದ ಸೋಪು ತೆಗೆದುಕೊಂಡು ತಮ್ಮ ಕೈಗೂ ಹಚ್ಚಿಕೊಂಡು ನಿಧಾನವಾಗಿ ತೊಳೆದರು. ಆಮೇಲೆ ತಮ್ಮ ಮಾಮೂಲಿ ದನಿಯಲ್ಲಿ ಮಗನನ್ನು ಕೂಗಿದರು: "ಏನ್ಲಾ ನೋಡ್ತಾ ನಿಂತೀಯ? ಹಸೀನ ಒಳೀಕ್ ಕಟ್ಲಾ. ಕರೀನ ಆ ಕಡೆ ಗ್ವಾಡೆಗೆ ಕಟ್ಟು, ತೊಟ್ಲ ತಾವ ಬ್ಯಾಡ."

ಮಗ ಹುಣಸೆಮರದಿಂದ ಹಗ್ಗ ಬಿಚ್ಚಿ ಬಾಗಿಲವರೆಗೆ ಬಂದ. ಅಲ್ಲಿ ಸೊಸೆ ನಿಂತಿದ್ದಳು. ತಲೆಗೆ ಬಟ್ಟೆ ಬಿಗಿದುಕೊಂಡು, ಬಾಣಂತಿ ಕೋಣೆ ಬಿಟ್ಟು ಬರಬಾರದವಳು ಹೊಸಿಲು ದಾಟಿ ಬಂದಿದ್ದಳು. ಅತ್ತೆ ಬೈಯಲು ಹೋದವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಗಂಡನ ಕೈಯಿಂದ ಹಗ್ಗ ತೆಗೆದುಕೊಂಡು ತನ್ನ ಹಸುವನ್ನು ತಾನೇ ಒಳಗೆ ನಡೆಸಿಕೊಂಡು ಹೋದಳು.